ನೆಲ ಕಚ್ಚುವುದು

ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಕೊಂಡ ರತ್ನಗಂಬಳಿ.
ಐದಡಿ ಉದ್ದ, ಮೂರಡಿ ಅಗಲ,
ನಡುವೆ ಒಂದು ನೀಲಿ ಡ್ರ್ಯಾಗನ್.
ಅದರ ಹಿಂಗಾಲಿಗೆ ನೇಯ್ದವಳು
ಒಂದು ಉಗುರು ಕಡಿಮೆ ಕೊಟ್ಟಿದ್ದಾಳೆ,
ಇಲ್ಲವೇ ಮರೆತಿದ್ದಾಳೆ. ನಾನು ಕೇಳಲಿಲ್ಲ.
ಬಾಕಿ ಪಗಾರ ಒಟ್ಟಿಗೆ ಕೈಗೆ ಬಂದ ವಾರ
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ
ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆ ದಾಟಿ
ಕಾರವಾರಕ್ಕೆ ಇಳಿಸಿದೆ.

ಹಾಸಿದೆ. ಜಾರಿತು.

ಬೈತಖೋಲದ ಈ ಬಾಡಿಗೆ ಮನೆಗೆ
ಮಾಲಕರು ಕೊಠಾರಕರರು ಹಾಕಿಸಿದ ಟೈಲ್ಸು
ಮುಖ ನೋಡಿಕೊಂಡು ತಲೆ ಬಾಚುವಷ್ಟು ನುಣುಪು.
ಮೇ ಕೊನೆಗೆ ಗಾಳಿ ತಿರುಗಿದರೆ ನೆಲವೂ ಬೆವರುತ್ತದೆ.
ನನ್ನ ಎಡಗಾಲು ಮೂರನೇ ವರ್ಷಕ್ಕೇ
ಬೆಳೆಯುವುದು ಸಾಕೆಂದು ನಿಂತಿದೆ.
ಕಂಕುಳಲ್ಲಿ ಕೋಲು, ಕೋಲಿನ ತುದಿಗೆ ರಬ್ಬರಿನ ಬುಷ್ಷು.
ಉಳಿದವರು ಚಪ್ಪಲಿ ಬದಲಿಸಿದಂತೆ
ನಾನದನ್ನು ಬದಲಿಸುತ್ತೇನೆ.

"ಕಾಲು ಸಮ ಇಲ್ಲದವರಿಗೆ ಗಂಬಳಿ ಯಾಕ್ರೀ?"
ಆಫೀಸಿನಲ್ಲಿ ಕೇಳಿದರು.
"ಗೋಡೆಗೆ ತೂಗುಹಾಕಿ, ಚಂದ ಕಾಣ್ತದೆ."
ಗೋಡೆಯ ಮೇಲೆ ಕಾಲಿಡಲು ನಾನೇನು ಹಲ್ಲಿಯೇ?

ಮೊದಲು ಎರಡೂ ಬದಿ ಅಂಟುವ ಟೇಪು.
ಹದಿನೈದು ದಿನ ಹಿಡಿಯಿತು,
ಆಮೇಲೆ ಸೆಕೆಗೆ ಬೆಲ್ಲದ ಪಾಕವಾಯಿತು.
ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗದ ಕಪ್ಪು ಗೆರೆ;
ಮಾಲಕರು ಬಂದಾಗಲೆಲ್ಲ
ಅದರ ಮೇಲೆ ನಿಂತೇ ಮಾತಾಡುತ್ತೇನೆ.
ಕಪಾಟಿನ ಕಾಲಡಿ ಒಂದು ಅಂಚು ಸಿಕ್ಕಿಸಿದೆ,
ಇನ್ನೊಂದು ಅಂಚು ಬಾಲದಂತೆ ಬೀಸಿತು.
ಮೊಳೆ ಹೊಡೆಯಲು ಅಪ್ಪಣೆ ಇಲ್ಲ.
ಸೈಕಲ್ ಟ್ಯೂಬಿನ ಚೂರು ಅಂಟಿಸಿದೆ.
ಒಂದು ಬೆಳಗ್ಗೆ ಹಾಲಿನವನಿಗೆ ಬಾಗಿಲು ತೆರೆಯಲು ಎದ್ದವಳನ್ನು
ಡ್ರ್ಯಾಗನ್ ಹೊತ್ತುಕೊಂಡೇ ಹೋಯಿತು
ಮೇಜಿನ ತನಕ.

ಬಿದ್ದಲ್ಲೇ ಸ್ವಲ್ಪ ಹೊತ್ತು ಮಲಗಿದ್ದೆ.
ಮೇಜಿನ ಅಡಿಗೆ ಯಾರೋ ಸುಣ್ಣದ ಕಡ್ಡಿಯಲ್ಲಿ
೭೪೦ ಎಂದು ಬರೆದಿದ್ದಾರೆ.
ಆರು ವರ್ಷ ಅದರ ಮೇಲೆ ಉಂಡಿದ್ದೇನೆ, ಗೊತ್ತಿರಲಿಲ್ಲ.

ಜೂನ್. ದೋಣಿಗಳೆಲ್ಲ ದಡ ಹತ್ತಿದ ಮೇಲೆ
ಕೆಳಮನೆಯ ಪಾಂಡು ಉಳ್ವೇಕರ
ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು
ಜಗಲಿಯಲ್ಲಿ ಹೊಲಿಯುತ್ತ ಕೂತಿರುತ್ತಾನೆ.
ಮೊಣಕೈಯ ಪಟ್ಟಿ ನೋಡಿ ಕೇಳಿದ. ಹೇಳಿದೆ. ನಗಲಿಲ್ಲ.
ಗಂಬಳಿ ಮಗುಚಿ ಬೆನ್ನು ಸವರಿದ,
ತಾಜಾ ಹೌದೋ ಎಂದು ಮೀನಿನ ಕಿವಿ ಎತ್ತಿ ನೋಡುವ ಅದೇ ಮುಖ.
"ಎಳೆ ಹಿಡಿಯೂದಿಲ್ಲ ಅಕ್ಕೋರೆ, ಗಂಟು ಹಿಡೀತದೆ."

ಹರಿದ ಬಂಗಡೆ ಬಲೆಯ ಒಂದು ತುಂಡು
ಸುತ್ತಲೂ ನಾಲ್ಕು ಬೆರಳು ಕಡಿಮೆ ಕತ್ತರಿಸಿ
ಬೆನ್ನಿಗೆ ಹೊಲಿದ.
ಆಮೇಲೆ ದೋಣಿ ಕ್ಯಾಬಿನ್ನಿನ ಗಾಜು ಕೂರಿಸುವ
ಸಿಲಿಕಾನ್ ಗೋಂದು, ಗಂಟಿಗೊಂದು ಹನಿ.
ನಾನೂ ಕೂತೆ. ಆರುನೂರರ ಮೇಲೆ ಎಣಿಕೆ ತಪ್ಪಿತು.
ಮಳೆಯ ತಂಡಿಗೆ ಒಣಗಲು ಎರಡು ದಿನ,
ಡ್ರ್ಯಾಗನ್ ಮಗ್ಗುಲು ಬದಲಿಸದೆ ಬೋರಲು ಮಲಗಿತ್ತು.
ದುಡ್ಡು ಬೇಡವೆಂದ;
ಡೀಸೆಲ್ ಸಬ್ಸಿಡಿಯ ಅರ್ಜಿ ಬರೆಸಿಕೊಂಡ,
ಎರಡು ಸಲ, ಮೊದಲನೆಯದರಲ್ಲಿ ದೋಣಿಯ ನಂಬರು ತಪ್ಪಿತ್ತು.

ಶುಂಠಿ ದರ ನೆಲ ಕಚ್ಚಿತು,
ಇಂಥ ಪಕ್ಷ ನೆಲ ಕಚ್ಚಿತು ಎಂದು
ಪೇಪರಿನಲ್ಲಿ ಓದುವಾಗ ಈಗ
ನನಗೆ ಒಳ್ಳೆಯ ಸುದ್ದಿಯೆಂದೇ ಕೇಳುತ್ತದೆ.

ರಾತ್ರಿ ಕೋಲನ್ನು ಕಪಾಟಿಗೆ ಒರಗಿಸಿ
ನಡುಗಂಬಳಿಯಲ್ಲಿ ನಿಲ್ಲುತ್ತೇನೆ, ಬರಿಗಾಲಲ್ಲಿ.
ಹತ್ತರವರೆಗೆ ಎಣಿಸುವ ಪಣ.
ಏಳಕ್ಕೆ ಕೈ ಗೋಡೆ ಹುಡುಕುತ್ತದೆ.
ನಡುಗುವುದು ನಾನು, ಅದಲ್ಲ.

ಎಷ್ಟು ಬಿಸಿಲು ತೋರಿಸಿದರೂ ಬಲೆಯ ವಾಸನೆ ಹೋಗಿಲ್ಲ.
ಬಂದರಿನ ಬೂದು ಬೆಕ್ಕು ಸಂಜೆ ಒಳಗೆ ಬಂದು
ಅಂಚಿಗೆ ಉಗುರು ಹಾಕಿ ಎಳೆಯುತ್ತದೆ,
ಬರುವುದಿಲ್ಲ,
ನನ್ನನ್ನೊಮ್ಮೆ ನೋಡಿ
ಮತ್ತೆ ಎಳೆಯುತ್ತದೆ.