ನಾಲಿಗೆಯ ಲೆಕ್ಕ

ಫೆಬ್ರವರಿ. ಲೊಫೊಟೆನ್ನಿನ ಕಡಲಿಗೆ ಕಾಡ್ ಮೀನು ಬಂದಿದೆ.
ತರಗತಿಯಲ್ಲಿ ಅರ್ಧ ಬೆಂಚು ಖಾಲಿ,
ಇದ್ದವರ ಕೈಗೂ ಬಂದರಿನ ವಾಸನೆ.
ಹಲಗೆಯ ಮೇಲೆ ಬರೆದೆ:
ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚಿದರೆ
"ನೇರ ಅನುಪಾತ" ಎಂದು ಆಕಳಿಸುತ್ತ ಮುಗಿಸಿದಳು ತೀರಿಲ್.

ಅಷ್ಟೇ ಸಾಲದು, ಅಂದೆ.
ವಯಸ್ಸು ಏರುತ್ತದೆ, ನೀನೂ ಏರುತ್ತೀಯ,
ಹತ್ತಕ್ಕೆ ಇಷ್ಟಿದ್ದವಳು ಇಪ್ಪತ್ತಕ್ಕೆ ಇಮ್ಮಡಿಯಾದರೆ
ಬಾಗಿಲಿಗೆ ತಲೆ ಬಡಿದೀತು.
ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಸಂಜೆ ಕಟ್ಟೆಯ ಮೇಲೆ ಸಿಕ್ಕಳು,
ಮೊಣಕಾಲಿನ ತನಕ ಮೇಲಂಗಿ, ಎದುರಿಗೊಂದು ಕಬ್ಬಿಣದ ಮೊಳೆ.
ಮೀನಿನ ತಲೆ ಎತ್ತಿ ಮೊಳೆಗೆ ಚುಚ್ಚಿ
ಚಾಕು ಎಳೆದರೆ ಸಾಕು,
ಒಂದು ಮಾತೂ ಆಡದ ನಾಲಿಗೆ ಬಕೆಟ್ಟಿಗೆ.
ಕಿಲೋಗೆಷ್ಟು?
"ಎಪ್ಪತ್ತು ಕ್ರೋನ."
ಅರ್ಧಕ್ಕೆ?
"ಮೂವತ್ತೈದು."
ಮೂರೂಕಾಲಿಗೆ?
ಚಾಕು ನಿಲ್ಲಲಿಲ್ಲ. "ಇನ್ನೂರ ಇಪ್ಪತ್ತೇಳೂವರೆ."
ಹಣವನ್ನು ತೂಕದಿಂದ ಭಾಗಿಸಿದರೆ?
"ಯಾವಾಗಲೂ ಎಪ್ಪತ್ತೇ, ಇದೇನು ಕೇಳೋದು?"
ಅದಕ್ಕೆ ಪುಸ್ತಕದಲ್ಲಿ ಸ್ಥಿರಾಂಕ ಅನ್ನುತ್ತಾರೆ.
"ಇಲ್ಲಿ ಓಡ್ವಾರ್ ಅನ್ನುತ್ತಾರೆ" ಎಂದಳು
ಮೀನಿನಂಗಡಿಯ ದೀಪದ ಕಡೆ ಗದ್ದ ತೋರಿಸಿ.
"ಏನು ಚೌಕಾಸಿ ಮಾಡಿದರೂ ಕದಲಲ್ಲ."

ಆಮೇಲೆ ಮೂರು ದಿನ ಬಿರುಗಾಳಿ.
ದೋಣಿಗಳೆಲ್ಲ ಹಗ್ಗ ಜಗ್ಗುತ್ತ ಬಂದರಿನಲ್ಲೇ.
ನಾಲ್ಕನೆಯ ದಿನ ಅವಳ ನಕ್ಷೆ ಬಂತು ನನ್ನ ಮೇಜಿಗೆ:
ಗೆರೆ ನೆಟ್ಟಗಿದೆ, ಅಂದವಾಗಿದೆ,
ಆದರೆ ಹೊರಟದ್ದು ಮೂಲಬಿಂದುವಿನಿಂದಲ್ಲ, ತುಸು ಮೇಲಿಂದ.
ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಬರೆದೆ,
ನಾಲಿಗೆ ಸೊನ್ನೆಯಾದರೆ ಹಣವೂ ಸೊನ್ನೆ.

"ಸುಳ್ಳು" ಎಂದಳು ತೀರಿಲ್.
"ಮೊನ್ನೆ ನಾಲಿಗೆ ಸೊನ್ನೆ. ನಿನ್ನೆಯೂ ಸೊನ್ನೆ.
ಆದರೂ ಬೋರ್ಗಿಲ್ಡ್ ಅಜ್ಜಿ ಇಪ್ಪತ್ತು ಕೊಟ್ಟಳು.
ದಿನಾ ಕೊಡುತ್ತಾಳೆ,
ಚಳಿಯಲ್ಲಿ ನಿಂತದ್ದಕ್ಕೆ ಅಂತೆ."

ನನ್ನ ಪೆನ್ನು ಗಾಳಿಯಲ್ಲೇ ಉಳಿಯಿತು.
ಹಾಗಾದರೆ ಈಗ ಭಾಗಿಸಿ ನೋಡು, ಅಂದೆ.
ಒಂದು ಕಿಲೋಗೆ ತೊಂಬತ್ತು.
ಎರಡಾದರೆ, ಕಿಲೋಗೆ ಎಂಬತ್ತು.
ಹತ್ತಾದರೆ ಎಪ್ಪತ್ತೆರಡು.
ಪೆನ್ಸಿಲ್ ಕಚ್ಚಿದಳು. "ಒಂದೇ ಬರುತ್ತಿಲ್ಲವಲ್ಲ."
ಬರಲ್ಲ. ರೇಖೆ ನೇರ, ಅನುಪಾತ ನೇರವಲ್ಲ.
"ನೂರು ಕಿಲೋಗೆ ಎಪ್ಪತ್ತೂ ಚಿಲ್ಲರೆ..."
ಅಲ್ಲಿಗೆ ನಿಂತಳು. ತುಂಬ ಹೊತ್ತು.
"ಟೀಚರ್, ಜಾಸ್ತಿ ದುಡಿದಷ್ಟೂ
ಅಜ್ಜಿ ಕಾಣಿಸೋದೇ ಕಮ್ಮಿಯಾಗುತ್ತೆ."

ಇಪ್ಪತ್ತೆರಡು ವರ್ಷ ಇದನ್ನೇ ಪಾಠ ಮಾಡಿದವಳು ನಾನು.
ಹಾಗೆಂದು ಯಾವ ಮಗುವೂ ಹೇಳಿರಲಿಲ್ಲ,
ನನಗೂ ಹೊಳೆದಿರಲಿಲ್ಲ.

ಅಳಿಸಲು ಬರುವುದಿಲ್ಲ ಕೆಂಪು ಶಾಯಿ.
ಪಕ್ಕದಲ್ಲೊಂದು ಸರಿ ಗುರುತು ಹಾಕುವಷ್ಟರಲ್ಲಿ
ಹೊರಗೆ ಎಂಜಿನ್ನುಗಳ ಸದ್ದು, ಗಾಳಿ ಇಳಿದಿತ್ತು,
ಬೂಟು ಸಿಕ್ಕಿಸಿಕೊಂಡು ಓಡಿಯೇ ಬಿಟ್ಟಳು.
ನಕ್ಷೆಯ ಹಾಳೆಗೆ ಅಂಟಿತ್ತು
ಒಂದು ಒಣಗಿದ ಮೀನಿನ ಹುರುಪೆ,
ಸೊನ್ನೆಯಿಂದ ತುಸು ಮೇಲೆ.