ಅಂಚಿನ ಸಾಲು

ಮುದಗಲ್ಲಿನ ಇಗರ್ಜಿಯ ಪಡಸಾಲೆ.
ಬಿಸಿಲಿಗೆ ಬೆನ್ನು ಕೊಟ್ಟು ಜ್ವಾಕೀಮ ಕೇಳಿದ:
"ದೊಡ್ಡಪ್ಪಾ, ಆ ಯೆಹೂದಿ ಇತಿಹಾಸಕಾರ
ನಮ್ಮಂವ ಅಲ್ಲ, ನಮ್ಮ ದೇವರಿಗೆ ಕೈ ಮುಗಿದಂವ ಅಲ್ಲ.
ಒಂದು ಪುಟದಾಗ ಮಾತ್ರ
ನಮ್ಮ ಪಾದ್ರಿಯಂಗ ಯಾಕ ಮಾತಾಡ್ತಾನ?"

ನಲವತ್ತು ವರ್ಷ ಲಿಂಗಸೂಗೂರಿನ ನೋಂದಣಿ ಕಚೇರಿ ಎದುರು
ಬೇವಿನ ಬುಡದಲ್ಲಿ ದಸ್ತಾವೇಜು ಬರೆದವನು ನಾನು.
ಹೇಳಿದೆ: ಪತ್ರ ಮೊದಲು ಓದಬೇಡ, ಮೂಸು.
ಶಾಯಿ ಎಲ್ಲಿ ಬದಲಾಯಿತು ನೋಡು.
ಚಕ್ಕುಬಂದಿಯ ಮೂರು ದಿಕ್ಕು ನೆಟ್ಟಗೆ ಬರೆದವನು
ನಾಲ್ಕನೆಯದಕ್ಕೆ ಯಾಕೆ ಸ್ತೋತ್ರ ಹಾಡುತ್ತಾನೆ?
ಹಾಡಿದ್ದು ಅವನಲ್ಲ. ನಕಲು ತೆಗೆದ ಭಕ್ತ.
ತಡೆಯಲಾಗಲಿಲ್ಲ ಪಾಪ, ಕೈ ತಾನೇ ಓಡಿದೆ.

"ಹಂಗಾರ ಎಲ್ಲಾ ಸುಳ್ಳೇನು?"

ಅಲ್ಲಪಾ. ಸೇರಿಸಲಿಕ್ಕೂ ಕೆಳಗೊಂದು ಸಾಲು ಬೇಕು.
ನಾಲ್ಕು ಸಾಕ್ಷಿ ಒಂದೇ ಉಸಿರಿನಲ್ಲಿ ಒಂದೇ ಮಾತು ಹೇಳಿದರೆ
ವಕೀಲರ ಮನೆಯಲ್ಲಿ ಚಹಾ ಕುಡಿದು ಬಂದಿದ್ದಾರೆ ಅಂತ ತಿಳಿ.
ಸಮಾಧಿಯ ಬಳಿ ದೂತ ಒಬ್ಬನೋ ಇಬ್ಬರೋ,
ಅದಕ್ಕೆ ನನ್ನ ನಿದ್ದೆ ಕೆಡುವುದಿಲ್ಲ.
ಮೊದಲು ಕಂಡವರು ಹೆಂಗಸರು ಅಂತ ಬರೆದರಲ್ಲ,
ಹೆಂಗಸಿನ ಮಾತಿಗೆ ಕವಡೆ ಬೆಲೆ ಇಲ್ಲದ ಕಾಲದಲ್ಲಿ!
ಕಟ್ಟಿ ಹೇಳುವವನು ಗೌಡನನ್ನು ಕರೆಸುತ್ತಿದ್ದ.
ಗುರುವನ್ನೇ ಅರಿಯೆ ಅಂದ ಶಿಷ್ಯನ ಹೆಸರನ್ನೂ
ಒರೆಸದೆ ಬಿಟ್ಟರಲ್ಲ.
ಮನೆತನದ ಮಾನ ಕಳೆಯುವ ಸಾಲಿಗೆ
ಎರಡಾಣೆ ಹೆಚ್ಚು ನಂಬಿಕೆ ಕೊಡು.

ಇಷ್ಟು ಹೇಳಿದ್ದೇ ನಾಲಗೆ ಒಣಗಿತು.

ಎಪ್ಪತ್ತೊಂದರಲ್ಲಿ,
ಗೆದ್ದಲು ಹತ್ತಿದ ಜ್ಞಾನಸ್ನಾನದ ದಫ್ತರನ್ನು
ಹೊಸದಾಗಿ ಬರೆಯಲು ಪಾದ್ರಿ ನನ್ನ ಕೈಗಿತ್ತರು.
ನಮ್ಮ ಮೂಲಪುರುಷ ಸವೇರಪ್ಪ
ಕನಸಿನಲ್ಲಿ ದೀಪ ಕಂಡು ಬಂದನೆಂದು
ಅಜ್ಜಿ ಪ್ರತಿ ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ ಮಡಚುತ್ತಾ ಹೇಳುತ್ತಿದ್ದಳು.
ಪುಟದ ಅಂಚಿನಲ್ಲಿ, ಕಂದು ಶಾಯಿ, ಬೇರೆ ಕೈ:
'ಕಿಲ್ಲೇದಾರನ ಕುದುರೆಯ ಜೀನು ಕದ್ದು ಓಡಿಬಂದವ.
ಮೂರು ದಿನ ಗಂಟೆಯ ಕೆಳಗೆ ಅಡಗಿದ್ದ.
ಆಮೇಲೆ ನೀರು ಹಾಕಿದೆವು.'

ನಾನು ಏನನ್ನೂ ಸೇರಿಸಲಿಲ್ಲ.
ಆ ಸಾಲು ಬಿಟ್ಟೆ, ಅಷ್ಟೆ.
ಹಳೆಯದನ್ನು ಹುಣಸೆಮರದ ಕೆಳಗೆ ಸುಟ್ಟರು.
ಈಗ ಉಳಿದದ್ದು ನನ್ನ ದುಂಡಕ್ಷರ,
ಕೊನೆಗೆ 'ಮೂಲಕ್ಕೆ ಸರಿಯಾಗಿದೆ' ಎಂಬ ರುಜು.

ಜ್ವಾಕೀಮ ತಡೆದು ಕೇಳಿದ:
"ಅಂಚಿನಾಗ ಬರೆದಂವ ಯಾರು?"
ಗೊತ್ತಿಲ್ಲ. ಸಂಬಳ ಸಿಗದ ಉಪದೇಶಿ ಇರಬಹುದು.
ಸವೇರಪ್ಪನ ಮೇಲೆ ಹಗೆಯೂ ಇದ್ದೀತು.
"ಮತ್ತ ನೀ ಈಗ ಹೇಳಿದ್ದು?"
ನನ್ನ ಮಾನ ಕಳೆಯುವ ಮಾತು,
ಎರಡಾಣೆ ಹೆಚ್ಚು... ಅನ್ನಲು ಹೋಗಿ ನಿಲ್ಲಿಸಿದೆ.
ಮುದುಕರಿಗೆ ತಪ್ಪೊಪ್ಪಿಕೊಳ್ಳುವ ಚಟವೂ ಇರುತ್ತದೆ.

ಹುಡುಗ ಒಳಹೋಗಿ ನನ್ನ ದಫ್ತರು ತಂದ.
ಸವೇರಪ್ಪನ ಪುಟ ತೆರೆದು, ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ:
'ಜೀನಿನ ಸಂಗತಿ. ನಕಲುಗಾರ ಇನ್ನಾಸಪ್ಪ ಹೇಳಿದ್ದು.
ವಯಸ್ಸು ಎಂಬತ್ತೊಂದು. ಬೇರೆ ಸಾಕ್ಷಿ ಇಲ್ಲ.'

ತಾರೀಖು ಹಾಕು, ಅಂದೆ.