ಹರಳೆಣ್ಣೆ

ಹೊಸ್ತಿಲು ಎತ್ತರ, ಜೋಪಾನ. ದೀಪ ಒಂದೇ, ಅದೂ ಮಂದ.
ಮಿಲಾನಿನಿಂದ ಇಷ್ಟು ದೂರ ಬಂದಿದ್ದೀರಿ,
ಮೊದಲು ಮೂಗಿನಿಂದ ನೋಡಿ.
ಪೆಟ್ರೋಲಲ್ಲ. ಅದರ ಹಿಂದೆ, ಇನ್ನೂ ಹಿಂದೆ,
ಸುಟ್ಟು ಸಿಹಿಯಾಗಿ ಗೋಡೆಗೆ ಅಂಟಿಕೊಂಡದ್ದು.
ಹೌದು, ಹರಳೆಣ್ಣೆ.

ನೂರ ಎಪ್ಪತ್ತೈದು ಸಿಸಿ. ಒಂದೇ ಸಿಲಿಂಡರು, ಒಂದೇ ಹಟ.
ಬ್ರೇಕಿನ ಹಿಡಿ, ಸ್ಪ್ರಾಕೆಟ್ಟು, ಕಾಲೂರುವ ಪಟ್ಟಿ,
ಎಲ್ಲಕ್ಕೂ ತೂತು ಕೊರೆದ ಅಪ್ಪ, ಹಗುರಾಗಲೆಂದು.
ಅಮ್ಮನ ಜಾಲರಿ ಸೌಟು ಕಾಣೆಯಾದಾಗ
ಅವಳು ಮೊದಲು ಹುಡುಕಿದ್ದು ಈ ಷೆಡ್ಡಿನಲ್ಲೇ.
ಮುನ್ನೂರು ಗ್ರಾಂ ಉಳಿಯಿತೆಂದು ಕುಣಿದವನು
ಆ ರಾತ್ರಿ ಎರಡು ತಟ್ಟೆ ಪಾಸ್ತಾ ಉಂಡ.

ಹೆಸರು ಸೆಕೊಂಡೊ. ನಮ್ಮ ರೊಮಾನ್ಯದಲ್ಲಿ ಹಾಗೇ,
ಎರಡನೇ ಮಗನಿಗೆ ಎರಡನೆಯವನೆಂದೇ ಹೆಸರು.
ಗಾಡಿ ಎರಡನೆಯದಾಗಿ ಬಂದ ವರ್ಷ
ಕಾಲುವೆಯ ಮೀನುಗಾರರು ದೋಣಿಯಿಂದಲೇ ಕೂಗಿ ನಕ್ಕರು.

ಏಪ್ರಿಲ್. ಚೆಸೆನಾತಿಕೊದ ಹೋಟೆಲುಗಳಿಗೆ ಇನ್ನೂ ಬೀಗ.
ದೀಪದ ಕಂಬಗಳಿಗೆ ಹುಲ್ಲಿನ ಹೊರೆ ಕಟ್ಟಿ
ಬೀದಿಯನ್ನೇ ಪಂದ್ಯಕ್ಕೆ ಬಿಟ್ಟುಕೊಡುತ್ತಿದ್ದೆವು.
ಬಾಲ್ಕನಿಯಲ್ಲಿ ಬಟಾಣಿ ಸುಲಿಯುತ್ತ ಅಜ್ಜಿಯರು
ತಲೆ ಎತ್ತದೆ ಹೇಳುವರು: ಯಾವ ಗಾಡಿ, ಯಾರ ಕೈ.
ಡೆರ್ನೊ ರವಾಯೊಲಿ ತಿರುವಿಗೆ ಬಿದ್ದನೆಂದರೆ
ಮೊಣಕಾಲು ಹುಲ್ಲು ಸವರಿ
ಹಿಂದಿನವನ ಬಾಯಿಗೆ ಹೊಟ್ಟು.

ಕೇಳಿದಿರಿ, ಆ ಕಾಲಕ್ಕೇ ಬೇರೆ ಎಣ್ಣೆ ಸಿಗುತ್ತಿತ್ತಲ್ಲ ಎಂದು.
ಸಿಗುತ್ತಿತ್ತು. ಕಂಪನಿಯವರು ಡಬ್ಬಿ ಡಬ್ಬಿ ತಂದಿಟ್ಟರು, ಪುಕ್ಕಟೆ.
ಅಪ್ಪ ಮುಟ್ಟಲಿಲ್ಲ.

ಹರಳೆಣ್ಣೆ ಕುಡಿದ ಮುಖ ಅನ್ನುತ್ತಾರಲ್ಲ, ತಮಾಷೆಗೆ,
ನಮ್ಮ ಮನೆಯಲ್ಲಿ ಯಾರೂ ಹಾಗೆ ಅನ್ನಲಿಲ್ಲ.

ಅವನಿಗೆ ಹದಿನೇಳು. ಸೈಕಲ್ ಷಾಪಿನ ಹುಡುಗ,
ಕೊರಳಿಗೊಂದು ಕೆಂಪು ಕರವಸ್ತ್ರ.
ಫ್ಯಾಸಿಸ್ಟರ ಕರಿ ಅಂಗಿಗಳು ಲಾರಿಯಲ್ಲಿ ಹಾಡುತ್ತ ಬಂದವು.
ಒಬ್ಬ ತಲೆ ಹಿಡಿದ, ಒಬ್ಬ ಮೂಗು.
ಆಲಿಕೆ ತುರುಕಿ ಒಂದು ಲೀಟರು.
ಆಮೇಲೆ ಚೌಕದಿಂದ ಮನೆತನಕ ನಡೆಸಿದರು,
ಓಡಬಾರದು, ನಡೆಯಬೇಕು,
ಎಲ್ಲರ ಕಿಟಕಿಯ ಮುಂದೆ.
ಅವರಿಗೆ ಕೊಂದರೆ ಸಾಲದು, ನೋಡಿ,
ನಾರಿಸಬೇಕಿತ್ತು.

ಪಂದ್ಯದ ಬೆಳಿಗ್ಗೆ ಅಪ್ಪ ಮಾತಾಡುತ್ತಿರಲಿಲ್ಲ.
ಆಲಿಕೆ ಇಟ್ಟು ಸುರಿಯುವನು, ಅದೇ ಅಳತೆ,
ಹಸುಗೂಸಿಗೆ ಕುಡಿಸುವಷ್ಟು ನಿಧಾನ.
ಮಧ್ಯಾಹ್ನ ಆ ಎಣ್ಣೆ ಅದೇ ಚೌಕ ದಾಟಿ
ಅದೇ ಕಿಟಕಿಗಳ ಮುಂದೆ
ಗಂಟೆಗೆ ನೂರ ಮೂವತ್ತರಲ್ಲಿ, ಕಿರುಚುತ್ತ,
ನೀಲಿ ಹೊಗೆಯಾಗಿ, ಪರಿಮಳವಾಗಿ, ಇಪ್ಪತ್ತು ಸುತ್ತು.
ಜನ ಟೊಪ್ಪಿ ತೂರುತ್ತಿದ್ದರು.
ಒಂದು ಕಿಟಕಿ ಮಾತ್ರ ಪ್ರತಿ ಏಪ್ರಿಲಿನಲ್ಲೂ ಮುಚ್ಚಿರುತ್ತಿತ್ತು.
ಯಾರದೆಂದು ಕೇಳಬೇಡಿ.
ಮೊಮ್ಮಕ್ಕಳು ಒಳ್ಳೆಯವರು, ಬ್ರೆಡ್ಡು ಅವರಲ್ಲೇ ತರುತ್ತೇನೆ.

ಟ್ಯಾಂಕಿನ ಮೇಲಿನ ಈ ತಗ್ಗು? ಬಿದ್ದ ಪೆಟ್ಟಲ್ಲ.
ಗಾಳಿ ಸೀಳಲು ಬಗ್ಗಿದಾಗ ಗದ್ದ ಊರುವ ಜಾಗ,
ಮರದ ಸುತ್ತಿಗೆಯಿಂದ ಅಪ್ಪ ತಟ್ಟಿ ಮಾಡಿದ್ದು.
ಡೆರ್ನೊನ ಫೋಟೋ ಗೋಡೆಯಲ್ಲಿದೆ, ಗದ್ದ ನೋಡಿ, ಸಲಿಕೆ.
ಇಲ್ಲಿ ಅದು ಕೂರುವುದಿಲ್ಲ ಎಂದು
ನಿಮಗೂ ಹೊಳೆಯಿತು ತಾನೆ.
ಹುಡುಗಿಯರಿಗೆ ಪಂದ್ಯವಿರಲಿಲ್ಲ.
ಆದರೆ ಹೊಸ ಪಿಸ್ಟನ್ನಿಗೆ ಮೈ ಬಿಡಿಸಲು
ಚೆರ್ವಿಯಾದ ಉಪ್ಪಿನ ಗದ್ದೆಗಳ ನಡುವೆ, ಕೋಳಿ ಕೂಗುವ ಮುಂಚೆ,
ಯಾರಾದರೂ ಓಡಿಸಬೇಕಲ್ಲ,
ಹಗುರಾದವರು.
ಅಪ್ಪ ಎಲ್ಲಕ್ಕೂ ತೂತು ಕೊರೆದ. ನನಗೆ ಕೊರೆಯುವ ಅಗತ್ಯ ಬೀಳಲಿಲ್ಲ,
ನಲವತ್ತಾರು ಕಿಲೋ ಇದ್ದೆ.

ಮೊನ್ನೆ ಎಂಬತ್ತಮೂರು ತುಂಬಿತು. ಮಾರಲೇಬೇಕು, ಗೊತ್ತು.
ಬಣ್ಣ ಬಳಿಯಿರಿ, ಟೈರು ಬದಲಿಸಿ, ಗಾಜಿನ ಪೆಟ್ಟಿಗೆಯಲ್ಲಿಡಿ.
ತಗ್ಗನ್ನು ತಟ್ಟಿ ಸಮ ಮಾಡಿಸುವುದಾದರೆ ಮಾತ್ರ
ಬಂದ ದಾರಿಗೆ ಸುಂಕವಿಲ್ಲ.

ಆ ಆಲಿಕೆ ಇತ್ತ ಕೊಡಿ. ಮೊಳೆಗೆ ನೇತುಹಾಕಿದ್ದು, ಅದೇ.
ಒಮ್ಮೆ ಸದ್ದು ಕೇಳಿಬಿಡಿ,
ದುಡ್ಡಿನ ಮಾತು ಆಮೇಲೆ.